ಗಡಿಯಾರದ ಕಣ್ಕಟ್ಟು

ವಿಷ್ಣು-ದ್ವಾರಕೀಶ್ ಜೋಡಿಯ ‘ಸಿಂಗಪೂರ್‌ನಲ್ಲಿ ರಾಜಾಕುಳ್ಳ’ (1978) ನೋಡಿದವರಿಗೆಲ್ಲ ಆ ಊರಿಗೆ ಹಾರೋ ಆಸೆ. ಎಷ್ಟು ಹೊತ್ತಿನ ದಾರಿ? ಟೀ ಅಂಗಡಿಯಲ್ಲಿ ಗೆಳೆಯರಿಬ್ಬರಿಗೆ ಐವತ್ತೈವತ್ತು ರೂಪಾಯಿ ಪಂದ್ಯ.

‘ಬೆಂಗಳೂರಲ್ಲಿ ರಾತ್ರಿ 10ಕ್ಕೆ ಹತ್ತಿದರೆ ಅಲ್ಲಿ ಬೆಳಗಿನ ಜಾವ 5ಕ್ಕೆ ಇಳಿಯೋದು. ಏಳು ಗಂಟೆ!’ ಅಂದ ಒಬ್ಬ. ‘ವಾಪಸ್ ಬರುವಾಗ ರಾತ್ರಿ 8ಕ್ಕೆ ಹತ್ತಿದರೆ 10ಕ್ಕೇ ಇಲ್ಲಿ. ಎರಡೇ ಗಂಟೆ!’ ಅಂದ ಇನ್ನೊಬ್ಬ.

ಇಬ್ಬರೂ ಸೋತಿರಯ್ಯಾ! ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ದೂರ ಸುಮಾರು 3,200 ಕಿ.ಮೀ.; ಹೋಗ್ತಾ ಆಗಲಿ ಬರ್ತಾ ಆಗಲಿ, ಹಾರೋದು ಹತ್ತಿರ ಹತ್ತಿರ ನಾಲ್ಕೂವರೆ ಗಂಟೆ. ಬೀದರಿಗೆ ಬಸ್ಸಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟ ನನಗೆ ಈ ಲೆಕ್ಕ ಹೇಳೋಕೂ ಹೊಟ್ಟೆಯುರಿ.

ಪಂದ್ಯದ ದುಡ್ಡಾ? ತೀರ್ಪು ಕೊಟ್ಟವನ ಜೇಬಲ್ಲಿದೆ.