ತಿಗರಿ ಬಂತು, ಭಟ್ಟಿ ಎಲ್ಲಿ?

ಪೇಟೆಯಲ್ಲಿ ಗಿಡ ಮಾರುವ ಯಾವುದಾದರೂ ಅಂಗಡಿಗೆ ಹೋಗಿ, ಬೋನ್ಸಾಯಿ ಗಿಡಕ್ಕೆ ಒಂದು ಒಳ್ಳೆಯ ಮಣ್ಣಿನ ಕುಂಡ ಕೊಡ್ರೀ ಅಂತ ಕೇಳಿ ನೋಡಬೇಕು. ಅಂಗಡಿಯವನು ಮೊದಲು ಪ್ಲಾಸ್ಟಿಕ್ ತಟ್ಟೆ ತೋರಿಸುತ್ತಾನೆ. ಬೇಡವೆಂದರೆ ಸಿಮೆಂಟಿನದು. ಅದೂ ಬೇಡವೆಂದರೆ ಒಳಗಿನ ಕಪಾಟಿನಿಂದ ಪರದೇಶದ ಹೊಳಪಿನ ಕುಂಡ ಹೊರಗೆ ಬರುತ್ತದೆ. ರೇಟು ಕೇಳಿದ ಗಿರಾಕಿ ಅದನ್ನು ಮೆಲ್ಲಗೆ ಅಲ್ಲೇ ಇಟ್ಟು ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕುತ್ತಾನೆ. ಇಲ್ಲಿಯ ಕುಂಬಾರರು ಮಾಡಿದ್ದು ಇಲ್ಲೇನು ಅಂದರೆ, ‘ಇಲ್ಲೀದು ಒಂದು ಮಳಿಗಾಲ ತಡಿಯೂದಿಲ್ರೀ ಸಾಹೇಬ್ರ’ ಎಂಬ ಉತ್ತರ ತಯಾರಾಗಿಯೇ ಇರುತ್ತದೆ.

ಬೆಳಗಾವಿ ಜಿಲ್ಲೆಯಲ್ಲಿ ಈ ಉತ್ತರ ಕೇಳಬೇಕಾಗಿ ಬಂದದ್ದು ತಮಾಷೆಯಲ್ಲದೆ ಮತ್ತೇನು! ಇಲ್ಲಿಂದ ಖಾನಾಪುರಕ್ಕೆ ಒಂದು ತಾಸಿನ ಬಸ್ ಪ್ರಯಾಣ. ಆ ಸೀಮೆಯ ಮಣ್ಣು ಹೆಂಚಿಗೆ, ಇಟ್ಟಂಗಿಗೆ ಹೆಸರಾದದ್ದು. ಹಳ್ಳಿಯ ಕುಂಬಾರರಿಗೆ ಕೆಲಸ ಕಲಿಸಲೆಂದೇ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅದೇ ಊರಲ್ಲಿ. ಮಣ್ಣುಂಟು, ಮನೆತನದ ಕುಂಬಾರರುಂಟು, ಕಲಿಸುವ ಜಾಗವೂ ಉಂಟು. ಆದರೂ ಒಂದು ಗೇಣುದ್ದದ ಚೌಕ ಕುಂಡ ಹೊರಗಿನಿಂದ ಬರಬೇಕು.

ಕುಂಬಾರರ ಕೈ ಕೆಟ್ಟಿದೆಯೆ? ಕೈ ಕೆಟ್ಟಿಲ್ಲ. ಕೆಟ್ಟದ್ದು ಬೆಂಕಿಯ ಲೆಕ್ಕ.

ಹಳ್ಳಿಯ ಆವಿಗೆ ಎಲ್ಲರೂ ಕಂಡದ್ದೇ. ಗಡಿಗಿಗಳನ್ನು ಒಟ್ಟಿ, ಕುಳ್ಳು, ಕಟ್ಟಿಗೆ, ಹುಲ್ಲು ಹೊದಿಸಿ ಬೆಂಕಿ ಇಡುತ್ತಾರೆ. ಅದರ ಕಾವು 700-800 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು. ಆ ಕಾವಿಗೆ ಸುಟ್ಟ ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ನೀರಿನ ಗಡಿಗಿಗೆ ಅದೇ ಬೇಕು. ನೀರು ಜಿನುಗಿ ಆರಿದರೇ ತಾನೆ ಬೇಸಿಗೆಯಲ್ಲಿ ತಣ್ಣೀರು? ಬೋನ್ಸಾಯಿ ಕುಂಡದ ಕಥೆ ಉಲ್ಟಾ. ನಾಲ್ಕು ಬೆರಳು ಆಳದ ಮಣ್ಣಿಗೆ ದಿನಾ ನೀರು. ಒಳಗೆ ಆಲದ, ಅತ್ತಿಯ ಬೇರು ಗೋಡೆಗೆ ಒತ್ತುತ್ತಿರುತ್ತದೆ. ಬೋರ್‌ವೆಲ್ ನೀರಿನ ಉಪ್ಪು ರಂಧ್ರಗಳಲ್ಲಿ ಕೂತು ಹೊರಮೈಯನ್ನು ಹಪ್ಪಳದ ಹಾಗೆ ಏಳಿಸುತ್ತದೆ. ಇದು ತಡೆಯಬೇಕಾದರೆ ಮಣ್ಣಿನ ಕಣಕಣ ಅರ್ಧ ಕರಗಿ ಒಂದಕ್ಕೊಂದು ಕಚ್ಚಿಕೊಳ್ಳುವಷ್ಟು ಕಾವು ಬೇಕು. ಕಲ್ಲಿನಂಥ ಪಿಂಗಾಣಿಗೆ ಸುಮಾರು 1200 ಡಿಗ್ರಿ, ಕೆಲವಕ್ಕೆ ಅದಕ್ಕೂ ಮೇಲೆ.

ಕುಂಡ ಸರಿಯಾಗಿ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಪ್ರಯೋಗಶಾಲೆ ಬೇಡ, ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಒಣ ಕುಂಡ ತೂಗಬೇಕು, ಒಂದು ದಿನ ನೀರಿನಲ್ಲಿ ಮುಳುಗಿಸಬೇಕು, ಒರೆಸಿ ಮತ್ತೆ ತೂಗಬೇಕು. 1000 ಗ್ರಾಂ ಇದ್ದದ್ದು 1150 ಆದರೆ ಅದು ಇನ್ನೂ ಗಡಿಗಿಯ ಜಾತಿ. 1050ರ ಒಳಗೆ ನಿಂತರೆ ನಂಬಬಹುದು. ಗಿಡದಂಗಡಿಯವರು ಈ ಒಂದು ಪರೀಕ್ಷೆ ಮಾಡಿಕೊಂಡರೆ ‘ಇಲ್ಲೀದು ತಡಿಯೂದಿಲ್ಲ’ ಅನ್ನುವ ಮಾತು ಕೆಲವು ಪರದೇಶದ ಮಾಲಿಗೂ ಅನ್ವಯಿಸೀತು!

ಇನ್ನು ಸರಕಾರದ ಕಡೆ ನೋಡೋಣ. 2018ರಲ್ಲಿ ಖಾದಿ ಆಯೋಗ ಕುಂಬಾರ ಸಶಕ್ತೀಕರಣ ಮಿಷನ್ ಅಂತ ಶುರು ಮಾಡಿತು. ಕರೆಂಟಿನ ತಿಗರಿಗಳು ಹಂಚಿಕೆಯಾದವು. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಬಂತು; ಅದರ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಉಪಕರಣಕ್ಕೆ 15,000 ರೂಪಾಯಿ, ತರಬೇತಿ ದಿನಕ್ಕೆ 500 ರೂಪಾಯಿ, ಆಮೇಲೆ 5 ಪರ್ಸೆಂಟ್ ಬಡ್ಡಿಗೆ ಸಾಲ. ತಿಗರಿ ತಿರುಗಿಸಿ ರಟ್ಟೆ ಸೋತವರಿಗೆ ಕರೆಂಟಿನ ತಿಗರಿ ವರವೇ. ಇಲ್ಲ ಅಂದವರು ಯಾರು?

ಆದರೆ ಬೋನ್ಸಾಯಿಯ ಚೌಕ ಕುಂಡ ತಿಗರಿಯ ಮೇಲೆ ಹುಟ್ಟುವುದೇ ಇಲ್ಲ. ಮಣ್ಣನ್ನು ರೊಟ್ಟಿಯಂತೆ ಲಟ್ಟಿಸಿ, ಹಲಗೆ ಕೊಯ್ದು, ಅಂಚಿಗೆ ಗೀರು ಹಾಕಿ, ಕೆಸರು ಸವರಿ ಕೂಡಿಸುತ್ತಾರೆ. ಇಲ್ಲವೆ ಅಚ್ಚಿಗೆ ಒತ್ತುತ್ತಾರೆ. ತಳಕ್ಕೆ ನೀರಿನ ತೂತು, ತಂತಿ ಕಟ್ಟುವ ತೂತು, ಕೆಳಗೆ ಕಾಲು. ಆಮೇಲೆ ನೆರಳಲ್ಲಿ ಒಣಗಿಸಬೇಕು. ಅವಸರ ಮಾಡಿದರೆ ಮೂಲೆ ಬಿಚ್ಚಿತು. ದಪ್ಪ ಗೋಡೆಯ ಕುಂಡ ಒಣಗಲಿಕ್ಕೇ ಒಂದು ವಾರ, ಹತ್ತು ದಿನ ಬೇಕು. ಮೂಲ ತರಬೇತಿ ಎಷ್ಟು ದಿನದ್ದು? 5ರಿಂದ 7 ದಿನ! ಕಲಿತವನು ಸರ್ಟಿಫಿಕೇಟು ಹಿಡಿದು ಮನೆಗೆ ಹೋಗುವಾಗ ಅವನ ಕುಂಡ ಇನ್ನೂ ಹಸಿ. ಬೆಂಕಿಯ ಪಾಠ ಯಾವಾಗ?

ಆ ಪಾಠ ಚಿಕ್ಕದೂ ಅಲ್ಲ. ಶುರುವಿನ ನೂರಿನ್ನೂರು ಡಿಗ್ರಿವರೆಗೆ ಭಟ್ಟಿಯನ್ನು ಬೈಲುಗಾಡಿಯ ಹಾಗೆ ನಡೆಸಬೇಕು. ಮಣ್ಣಿನೊಳಗಿನ ತೇವ ಉಗಿಯಾಗಿ ಹೊರಬರಲು ದಾರಿ ಸಿಗದಿದ್ದರೆ ಢಂ! ಸಿಡಿದದ್ದು ಒಂದು, ಚೂರು ಬಡಿದು ಒಡೆದದ್ದು ಪಕ್ಕದ ಮೂರು. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಮರಳು ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ; ಹೋಗುವಾಗಲೂ ಬರುವಾಗಲೂ ಅಲ್ಲಿ ನಿಧಾನ. ಮಣ್ಣು ಒಟ್ಟಿನಲ್ಲಿ ನೂರಕ್ಕೆ ಹತ್ತು, ಹನ್ನೆರಡರಷ್ಟು ಕುಗ್ಗುವುದರಿಂದ, ಉದ್ದನೆಯ ಕುಂಡದ ತಳಕ್ಕೆ ಮರಳು ಹರವದಿದ್ದರೆ ಅದು ಹಲಗೆಗೆ ಕಚ್ಚಿಕೊಂಡು ಸೀಳುತ್ತದೆ ಇಲ್ಲವೆ ಸೊಟ್ಟಗಾಗುತ್ತದೆ. ಕಬ್ಬಿಣದಂಶದ ಕೆಂಪು ಮಣ್ಣನ್ನು ಹಾಗೇ 1200ಕ್ಕೆ ಏರಿಸಿದರೋ, ಉಬ್ಬಿ ಕುಸಿದು ಬೆಲ್ಲದ ಪಾಕದಂತೆ ಕೂತುಬಿಡುತ್ತದೆ. ಅದಕ್ಕೆ ಬೆಂಕಿಮಣ್ಣು, ಸುಟ್ಟ ಇಟ್ಟಂಗಿಯ ಪುಡಿ ಎಷ್ಟು ಬೆರೆಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಣ್ಣಿನ ಚಿಕ್ಕ ಪಟ್ಟಿಗಳನ್ನು ಸುಟ್ಟೇ ಕಂಡುಕೊಳ್ಳಬೇಕು. ಮತ್ತೊಬ್ಬರ ಊರಿನ ಲೆಕ್ಕ ಈ ಊರಿನ ಮಣ್ಣಿಗೆ ನಡೆಯುವುದಿಲ್ಲ.

ಕೊನೆಯ ಕಷ್ಟ ಎಲ್ಲಕ್ಕಿಂತ ದೊಡ್ಡದು, ಅದು ತಾಳ್ಮೆ. ಭಟ್ಟಿ ಆರುವ ಮುಂಚೆ ಬಾಗಿಲು ತೆರೆದು ನೋಡುವ ಚಪಲ ಹೊಸಬರಿಗೆಲ್ಲ ಇರುತ್ತದೆ. ತಣ್ಣನೆ ಗಾಳಿ ಹೊಕ್ಕರೆ ‘ಟಣ್’ ಅಂತ ಒಂದು ಸದ್ದು, ಹದಿನೈದು ದಿನದ ಕೆಲಸ ಎರಡು ಹೋಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ದೊಣ್ಣೆಯ ಅಗತ್ಯವೂ ಇಲ್ಲ.

ಇಂಥ ಭಟ್ಟಿಯನ್ನು 15,000 ರೂಪಾಯಿಯಲ್ಲಿ ಕಟ್ಟಿಸುವ ಮಹಾಶಯರಿದ್ದರೆ ಮುಂದೆ ಬರಲಿ. ಸಾಲ ತೆಗೆದು ಕಟ್ಟಿದನೆಂದೇ ಇಟ್ಟುಕೊಳ್ಳಿ. ಒಬ್ಬ ಕುಂಬಾರನ ಮಾಲಿಗೆ ಭಟ್ಟಿ ತುಂಬುವುದಿಲ್ಲ. ಅರ್ಧ ಖಾಲಿ ಭಟ್ಟಿಯೂ ಹೆಚ್ಚುಕಡಿಮೆ ತುಂಬಿದ ಭಟ್ಟಿಯಷ್ಟೇ ಗ್ಯಾಸು ಕುಡಿಯುತ್ತದೆ, ಥೇಟ್ ನಾಲ್ಕೇ ಜನರನ್ನು ಹೊತ್ತು ಓಡುವ ರಾತ್ರಿ ಬಸ್ಸಿನ ಹಾಗೆ. ಕಲಿಯುವವನ ಮೊದಲ ಐದಾರು ಭಟ್ಟಿ ನಷ್ಟವೇ. ಆ ನಷ್ಟ ಒಂದೇ ಮನೆಯ ತಲೆಯ ಮೇಲೆ ಬಿದ್ದರೆ ಆ ಮನೆ ಮತ್ತೆ ಪಣತಿಗೆ, ಗಡಿಗಿಗೆ ವಾಪಸ್ಸು. ಮಗ ಇಟ್ಟಂಗಿ ಭಟ್ಟಿಯ ಕೂಲಿಗೆ.

ಹೀಗಾಗಿ ಬೇಕಾದದ್ದು ಹತ್ತಾರು ಮನೆಗಳಿಗೆ ಸೇರಿ ಒಂದು ಭಟ್ಟಿ. ಬಸ್ಸಿನ ಟಿಕೆಟ್ಟಿನಂತೆ ಹಲಗೆಗೆ ಇಷ್ಟು ಅಂತ ಬಾಡಿಗೆ, ತಿಂಗಳಿಗೆ ಗೊತ್ತಾದ ಎರಡು ದಿನ ಬೆಂಕಿ, ಕಾವು ನೋಡುವ ಮೀಟರು, ಪ್ರತಿ ಭಟ್ಟಿಯ ಏರಿಳಿತ ಬರೆದಿಡುವ ಒಂದು ಪುಸ್ತಕ. ಬೆಂಕಿ ಬಲ್ಲ ಒಬ್ಬರು ಸಂಬಳದ ಮೇಲೆ ಖಾಯಂ ಇರಬೇಕು. ಮೇಲೆ ಸೂರು ಇರಬೇಕು, ಏಕೆಂದರೆ ಖಾನಾಪುರದ ಮಳೆಯಲ್ಲಿ ಬಯಲು ಆವಿಗೆ ಜೂನಿನಿಂದ ತಿಂಗಳುಗಟ್ಟಲೆ ಮಲಗಿರುತ್ತದೆ, ಹೊಟ್ಟೆ ಮಲಗುವುದಿಲ್ಲ.

‘ಬೋನ್ಸಾಯಿ ಅಂದ್ರ ಸಾಹುಕಾರ್ರ ಶೋಕಿ, ಅದಕ್ಯಾಕ ಸರಕಾರಿ ರೊಕ್ಕ?’ ಎಂದು ಕೇಳುವವರಿದ್ದಾರೆ. ಶೋಕಿಯೇ ಸರಿ. ಶೋಕಿ ಮಾಡುವವನ ರೊಕ್ಕ ಹಡಗು ಹತ್ತುವ ಬದಲು ಖಾನಾಪುರ ಬಸ್ಸು ಹತ್ತಿದರೆ ಯಾರಿಗೆ ನಷ್ಟ? ಕುಂಡ ಸುಡಲು ಕಲಿತ ಕೈಗೆ ಉಪ್ಪಿನಕಾಯಿ ಭರಣಿ, ಚಹಾದ ಕಪ್ಪು, ಖಾನಾವಳಿಯ ಬಟ್ಟಲು ಸುಡಲು ಬೇರೆ ಭಟ್ಟಿ ಬೇಡ. ಜಪಾನಿನ ತೊಕೊನಾಮೆ ಎಂಬ ಊರು ಒಂದು ಕಾಲಕ್ಕೆ ಭರಣಿ, ಚರಂಡಿಯ ಮಣ್ಣಿನ ಪೈಪು ಸುಟ್ಟ ಊರು. 1887ರಲ್ಲಿ ಗುಡ್ಡದ ಇಳಿಜಾರಿಗೆ ಕಟ್ಟಿದ ದೊಡ್ಡ ಭಟ್ಟಿಯನ್ನು 1974ರವರೆಗೆ ಉರಿಸಿ, ಈಗ ಸ್ಮಾರಕವಾಗಿ ಕಾಪಾಡಿದ್ದಾರೆ. ಅದೇ ಊರು ಇವತ್ತು ಬೋನ್ಸಾಯಿ ಕುಂಡಕ್ಕೆ ಲೋಕಪ್ರಸಿದ್ಧ. ಚರಂಡಿ ಪೈಪಿನವರಿಗೆ ಸಾಧ್ಯವಾದದ್ದು ಹೆಂಚಿನವರಿಗೆ ಆಗಬಾರದೆ?

ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಹೊಸ ಫಲಕ ಯಾವುದೂ ಬೇಡ. ಕಸುಬುದಾರರ ಗುಂಪುಗಳಿಗೆ ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟಲು ಕೇಂದ್ರ ಸರಕಾರದ ಸ್ಫೂರ್ತಿ ಯೋಜನೆ 2005ರಲ್ಲೇ ಬಂದಿದೆ. ಜಿಲ್ಲಾ ಕೈಗಾರಿಕಾ ಕೇಂದ್ರದ ಸಾಹೇಬರು ಕುಂಬಾರರನ್ನೂ ಗಿಡದಂಗಡಿಯವರನ್ನೂ ಒಂದು ದಿನ ಒಟ್ಟಿಗೆ ಕೂಡಿಸಲಿ. ಸಭೆಯ ಮೇಜಿನ ಮೇಲೆ ಹೂಗುಚ್ಛದ ಬದಲು ಒಂದು ತಕ್ಕಡಿ, ಒಂದು ಬಕೆಟ್ ನೀರು, ಇಲ್ಲಿಯದೊಂದು, ಹೊರಗಿನದೊಂದು ಕುಂಡ ಇಡಲಿ. ಮಳೆಗಾಲ ಹಿಡಿಯುವ ಮುಂಚೆ ಇಷ್ಟಾದರೂ ಆದರೆ ಭಟ್ಟಿಯ ಜಾಗದ ಮಾತು ಅಲ್ಲೇ ಶುರುವಾದೀತು.