ಶಾಲು ಬೇಡ, ಪಗಾರ ಕೊಡಿರಿ

2025ರಲ್ಲಿ ಯುಗಾದಿ ಅಮಾವಾಸ್ಯೆ ಶನಿವಾರ ಬಂದಿತ್ತು, ಪಾಡ್ಯ ರವಿವಾರ. ಆ ಎರಡು ದಿನ ನಾನು ಸವದತ್ತಿ ತಾಲೂಕಿನ ಸಿರಸಂಗಿಯಲ್ಲಿ ಕಾಳಮ್ಮನ ಜಾತ್ರೆಯಲ್ಲಿದ್ದೆ. ಜನ ಹೋದದ್ದು ದೇವಿಗೆ ಕೈಮುಗಿಯಲು, ನಾನು ಹೋದದ್ದು ಹಾಡು ಕೇಳಲು. ಮಾಸ್ತರಿಕೆ ಬಿಟ್ಟರೂ ಈ ಚಟ ಬಿಟ್ಟಿಲ್ಲ.

ರಾತ್ರಿ ಬಯಲಿನಲ್ಲಿ ಗೀಗೀ ಮೇಳ. ಒಂದು ಕಡೆ ಹರದೇಶಿ, ಎದುರಿಗೆ ನಾಗೇಶಿ. ಅವರು ಗಂಡು ಹೆಚ್ಚು ಎಂದರೆ ಇವರು ಹೆಣ್ಣು ಹೆಚ್ಚು ಎಂದು ವಾದ ಹೂಡುವವರು. ಡಪ್ಪು, ತುಂತುಣಿ, ತಾಳ, ಹಿಂದೆ ಇಬ್ಬರ ಸೊಲ್ಲು, ಇಷ್ಟೇ ಸಾಮಾನು. ರೈತರು, ಕೂಲಿಯವರು, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಂದಿರು ನೆಲದ ಮೇಲೆ ಕುಳಿತು ಬೆಳಕು ಹರಿಯುವತನಕ ಕೇಳಿದರು. ಸಂಜೆ ಹಾಕಿದ ಸವಾಲಿಗೆ ಕೋಳಿ ಕೂಗುವ ಹೊತ್ತಿಗೆ ಜವಾಬು ಬರುತ್ತದೆ. ಪುರಾಣ ಬಾಯಲ್ಲಿರಬೇಕು, ಪ್ರಾಸ ನಿಂತ ನಿಲುವಿನಲ್ಲಿ ಹೊಳೆಯಬೇಕು. ನಾನು ಮೆಟ್ರಿಕ್ ಪಾಸಾದವನು. ಆ ರಾತ್ರಿಯ ಸವಾಲುಗಳಲ್ಲಿ ಅರ್ಧಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ನಾಗೇಶಿ ಕಡೆಯ ಹಾಡುಗಾರ್ತಿಯನ್ನು ಬೆಳಿಗ್ಗೆ ಚಹದಂಗಡಿಯಲ್ಲಿ ಕಂಡೆ. ಸೋಮವಾರ ಮತ್ತೆ ಹೊಲದ ಕೂಲಿಗೆ ಹೋಗುವಾಕೆ. ಅದಕ್ಕೂ ಮೊದಲು ಬೇರೊಂದು ಊರಿನ ಉತ್ಸವಕ್ಕೆ ಆಕೆಯ ಮೇಳವನ್ನು ಕರೆದಿದ್ದರಂತೆ. ಊರಿನ ಹೆಸರು ಬೇಡ. ಇಂಥ ಊರು ಒಂದೇ ಇಲ್ಲ. ಮಧ್ಯಾಹ್ನ ಬಂದು ಕುಳಿತವರಿಗೆ ವೇದಿಕೆ ಸಿಕ್ಕದ್ದು ರಾತ್ರಿ ಹನ್ನೊಂದಕ್ಕೆ. ಅತಿಥಿಗಳ ಭಾಷಣ ಮುಗಿಯಬೇಕಲ್ಲ! ಹತ್ತು ನಿಮಿಷ ಹಾಡಿಸಿ, ಶಾಲು ಹೊದಿಸಿ, ಹಣ್ಣು ಕೊಟ್ಟು, ಫೋಟೋ ತೆಗೆದು ಕಳಿಸಿದರು.

“ಶಾಲು ಮನ್ಯಾಗ ಎಂಟ್ ಅದಾವ್ರೀ ಮಾಸ್ತರ. ಕಿರಾಣಿ ಅಂಗಡ್ಯಾವ ಶಾಲ ತಗೊಂಡು ಜ್ವಾಳಾ ಕೊಡ್ತಾನೇನ್ರೀ?” ಎಂದಳು.

ಈ ಪ್ರಶ್ನೆಗೆ ಸಂಸ್ಕೃತಿಯ ಗುತ್ತಿಗೆದಾರರು ಉತ್ತರ ಕೊಡಲಿ. ಪೆಂಡಾಲಿನವನ ಬಿಲ್ಲಿಗೆ ಹಣವಿದೆ, ಧ್ವನಿವರ್ಧಕದವನ ಬಾಡಿಗೆಗೆ ಹಣವಿದೆ. ಅವರೂ ದುಡಿಯುವವರೇ, ಕೊಡಬೇಕಾದದ್ದೇ. ಆದರೆ ಯಾರ ಸಲುವಾಗಿ ಪೆಂಡಾಲು ಹಾಕಿದರೋ ಆಕೆಗೆ ಮಾತ್ರ ‘ಗೌರವ’! ಕಲೆಯನ್ನು ಹಣದಿಂದ ಅಳೆಯಬಾರದೆಂದು ಉಪದೇಶಿಸುವ ಮಹನೀಯರು ತಮ್ಮ ಉಪನ್ಯಾಸಕ್ಕೆ ಪ್ರಯಾಣಭತ್ಯೆ ಬಿಟ್ಟುಕೊಟ್ಟದ್ದನ್ನು ನಾನಂತೂ ಕಂಡಿಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಅಚ್ಚು ಹಾಕಿಸಿದರು. 1980ರಲ್ಲಿ ಜಾನಪದಕ್ಕೊಂದು ಅಕಾಡೆಮಿ ಬಂತು, 2011ರಲ್ಲಿ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯವೂ ಆಯಿತು. ಆಗಲಿ, ಸಂತೋಷ. ಹಾಡನ್ನು ಕುರಿತು ಬರೆದವನಿಗೆ ಡಾಕ್ಟರ್ ಪದವಿ ಇದೆ. ರಾತ್ರಿಯೆಲ್ಲ ಹಾಡಿದವಳ ಕೈಗೆ ಬೆಳಿಗ್ಗೆ ಏನು ಬಿತ್ತೆಂದು ಕೇಳುವವರು ಬೇಕಾಗಿದ್ದಾರೆ.

ಜಾತ್ರೆಯ ಬಯಲಿನಲ್ಲಿ ಎಲ್ಲವೂ ಸರಿಯಿದೆಯೆಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಗಳಿಕೆ ನೆರೆದವರ ಕೈಯ ನೋಟುಗಳ ಮೇಲೆಯೇ ನಿಂತಿದೆ. ಆದರೆ ಅಲ್ಲಿ ಹಾಡಿಗೆ ಪೂರಾ ರಾತ್ರಿ ಇದೆ, ತಪ್ಪಿದರೆ ಎದ್ದುನಿಂತು ಕೇಳುವ ಜನರಿದ್ದಾರೆ. ಸವಾಲು-ಜವಾಬನ್ನು ಹತ್ತು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ಸವಾಲೂ ಅಲ್ಲ, ಜವಾಬೂ ಅಲ್ಲ, ಬರೀ ಡಪ್ಪಿನ ಸಪ್ಪಳ.

ಇದೇ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಆ ಆಸ್ತಿಯ ಹಿಂದೆ ರೈತನ ಬೆವರಿತ್ತೆಂಬುದನ್ನು ನಾನು ಮರೆಯಲಾರೆ. ಆದರೂ ಅವರು ಹುಡುಗರಿಗೆ ಶಾಲು ಹೊದಿಸಿ ಕಳಿಸಲಿಲ್ಲ, ಓದಿಗೆ ಬೇಕಾದ ರೊಕ್ಕಕ್ಕೆ ದಾರಿ ಮಾಡಿದರು.

ಇನ್ನು ನಮ್ಮ ಮನೆಯ ಮಾತು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹಳ್ಳಿಹಳ್ಳಿಗೆ ಸುದ್ದಿ ಮುಟ್ಟಿಸಿದ್ದು ಗೀಗೀ ಪದ. ಅದನ್ನು ಹೇಳಿಕೊಂಡು ನಾವೂ ನಮ್ಮ ಸಭೆಗಳಿಗೆ ಮೇಳಗಳನ್ನು ಕರೆಯುತ್ತೇವೆ. ಯಾತಕ್ಕೆ? ಮುಖಂಡರು ಬರುವತನಕ ಜನ ಎದ್ದುಹೋಗದಿರಲೆಂದು. ಮುಖಂಡರ ಕಾರು ಕಂಡೊಡನೆ ಹಾಡು ಅರ್ಧಕ್ಕೆ ನಿಲ್ಲಬೇಕು. ಕೊಡುವುದು ಬಸ್ಸಿನ ಖರ್ಚು. ಹಾಗೆ ನಿಲ್ಲಿಸಿರೆಂದು ಕೈಸನ್ನೆ ಮಾಡಿದವರಲ್ಲಿ ನಾನೂ ಒಬ್ಬ. ಕೂಲಿಯ ಹಕ್ಕಿನ ಭಾಷಣವನ್ನು ಕೂಲಿ ಕೊಡದ ವೇದಿಕೆಯ ಮೇಲೆ ನಿಂತು ಮಾಡಿದ್ದೇವೆ!

ಮುಂದಿನ ತಾಲೂಕು ಸಭೆಯಲ್ಲಿ ನಾನು ಒಂದು ಠರಾವು ಮಂಡಿಸುವವನಿದ್ದೇನೆ. ಮೇಳದ ಪಗಾರ ಮೊದಲೇ ಗೊತ್ತಾಗಬೇಕು, ಹಾಡು ಮುಗಿದ ರಾತ್ರಿಯೇ ಕೈಗೆ ಮುಟ್ಟಬೇಕು, ಯಾರ ಕಾರು ಬಂದರೂ ಹಾಡು ನಿಲ್ಲಕೂಡದು. ವಿರೋಧಿಸುವವರು ಹೆಸರು ಹೇಳಿ ವಿರೋಧಿಸಲಿ.