ಚಪ್ಪಡಿಯ ಮೇಲಿನ ಹಸಿರು

ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ದೊಡ್ಡ ವಸತಿ ಸಮುಚ್ಚಯಗಳ ಜಾಹೀರಾತುಗಳಲ್ಲಿ ಕಟ್ಟಡಕ್ಕಿಂತ ಉದ್ಯಾನವೇ ಮುಂದೆ ನಿಲ್ಲುತ್ತದೆ. ಹುಲ್ಲುಹಾಸು, ತಾಳೆಯ ಸಾಲು, ಕಾರಂಜಿ. ಮೇಲೊಂದು ‘ಹಸಿರು ಕಟ್ಟಡ’ವೆಂಬ ಪ್ರಮಾಣಪತ್ರ. ಇದು ನಗರದವರ ಸಂಗತಿ, ಮಲೆನಾಡಿಗೇನು ಎನ್ನುವವರು ಆ ಹುಲ್ಲಿಗೆ ನೀರು ಎಲ್ಲಿಂದ ಬರುತ್ತದೆಂಬುದನ್ನು ಮೊದಲು ಕೇಳಬೇಕು.

ನಿಯಮಗಳಿಲ್ಲವೆಂದಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ನಿರ್ಮಾಣಗಳಿಗೆ ಪೂರ್ವಾನುಮತಿ ಬೇಕು. ಅನುಮತಿಯೊಡನೆ ಬರುವ ಷರತ್ತುಗಳು ಓದಲು ಹಿತವಾಗಿಯೇ ಇವೆ: ಪ್ರತಿ 80 ಚದರ ಮೀಟರ್ ನೆಲಕ್ಕೆ ಕನಿಷ್ಠ ಒಂದು ಮರ, ಕಡ್ಡಾಯವಾಗಿ ಬಿಡಬೇಕಾದ ತೆರೆದ ಜಾಗದಲ್ಲಿ ಶೇ. 20ರಷ್ಟಾದರೂ ನೀರಿಂಗುವ ನೆಲ. ನೆಡುವಾಗ ಸ್ಥಳೀಯ ಜಾತಿಗಳು. ಆದರೆ ತೆರೆದ ಜಾಗದ ಐದು ಪಾಲಿನಲ್ಲಿ ನಾಲ್ಕನ್ನು ಕಾಂಕ್ರೀಟಿನಿಂದ ಮುಚ್ಚಿದರೂ ಇಲ್ಲಿ ಷರತ್ತು ಮುರಿದಂತಾಗದು! ಹುಲ್ಲು ಮೂಡಲೆಂದು ಅರ್ಧದಷ್ಟು ತೆರಪು ಬಿಟ್ಟ ಕಾಂಕ್ರೀಟು ಹಾಸೂ ‘ಇಂಗುವ ನೆಲ’ದ ಲೆಕ್ಕಕ್ಕೇ ಸೇರುತ್ತದೆ.

ಇನ್ನು ಮರಗಳ ಮಾತು. ಒಂದು ಎಕರೆ ನಿವೇಶನಕ್ಕೆ ಸುಮಾರು 50 ಮರಗಳು ಬೇಕಾಗುತ್ತವೆ. ಅವು ಬೇರಿಳಿಸುವುದು ಎಲ್ಲಿಗೆ? ಕಾರುಗಳಿಗಾಗಿ ನಿವೇಶನದ ಅಂಚಿನವರೆಗೂ ನೆಲಮಾಳಿಗೆ ತೋಡಿ, ಮೇಲೆ ಚಪ್ಪಡಿ ಎಳೆದು, ಅದರ ಮೇಲೆ ಒಂದೆರಡು ಅಡಿ ಮಣ್ಣು ಸುರಿದು ‘ಉದ್ಯಾನ’ ಮಾಡುವುದು ಈಗಿನ ರೂಢಿ. ಮತ್ತಿ, ನಂದಿ, ಹಲಸುಗಳು ಅಂತಹ ತಟ್ಟೆಯಲ್ಲಿ ಬಾಳುವವಲ್ಲ. ಸೊಪ್ಪಿನಬೆಟ್ಟದಲ್ಲಿ ತರಗು ಒಟ್ಟುಮಾಡಿದ ಯಾವ ಹೆಂಗಸಿಗೂ ಇದನ್ನು ವಿವರಿಸಬೇಕಿಲ್ಲ; ಮರವೆಂದರೆ ಅದರಡಿಯ ಮಣ್ಣೂ ಹೌದೆಂಬುದು ಆಕೆಗೆ ಗೊತ್ತು. ಬಿದ್ದ ಮಳೆ ಚಪ್ಪಡಿಗೆ ತಾಗಿ ಕೊಳವೆ ಹಿಡಿದು ಚರಂಡಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಅದೇ ತೆಳು ಮಣ್ಣಿಗೆ ದಿನವೂ ನೀರುಣಿಸಬೇಕಾಗುತ್ತದೆ.

ಆ ನಗರಕ್ಕೆ ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಕಾವೇರಿಯ ನೀರು ಸುಮಾರು 100 ಕಿ.ಮೀ. ದೂರದಿಂದ, ಮೂರು ಹಂತಗಳಲ್ಲಿ, ಸುಮಾರು 500 ಮೀಟರ್ ಮೇಲಕ್ಕೆ ಏರಿ ಬರುತ್ತದೆ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೂ ಕಾರು ತೊಳೆಯಲೂ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ಅಲ್ಲಿಯವರೆಗೆ ಹುಲ್ಲುಹಾಸುಗಳು ಏನು ಕುಡಿಯುತ್ತಿದ್ದವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಸಂಸ್ಕರಿಸಿದ ಕೊಳಚೆ ನೀರನ್ನು ಬಳಸುತ್ತೇವೆಂದು ಕಟ್ಟಡದವರು ವಾದಿಸುತ್ತಾರೆ. ಬಳಸಲಿ, ಒಳ್ಳೆಯದೇ. ಆದರೆ ಮಳೆಯನ್ನು ಹೊರದೂಡುವ ಚಪ್ಪಡಿಗೆ ಅದು ಸಮರ್ಥನೆಯಾಗಲಾರದು.

ಅಲಂಕಾರದ ಗಿಡಗಳ ಬೆಲೆಯನ್ನು ಕಾಡು ಈಗಾಗಲೇ ತೆತ್ತಿದೆ. ಲಂಟಾನ 19ನೇ ಶತಮಾನದ ಆದಿಯಲ್ಲಿ ಉದ್ಯಾನದ ಹೂಗಿಡವಾಗಿಯೇ ಭಾರತಕ್ಕೆ ಬಂದಿತು. ಇಂದು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಕಾಲುದಾರಿಗಳನ್ನೂ ಅದು ನುಂಗಿದೆ. ಹಳದಿ ಹೂವಿನ ಸೆನ್ನ ಸ್ಪೆಕ್ಟಾಬಿಲಿಸ್ ಬಂಡೀಪುರ, ನಾಗರಹೊಳೆಗಳಲ್ಲಿ ಅದೇ ದಾರಿ ಹಿಡಿದಿದೆ.

ಬೇರೆ ಬಗೆಯ ಲೆಕ್ಕ ಅಸಾಧ್ಯವೇನಲ್ಲ. ಬರ್ಲಿನ್ ನಗರವು 1990ರ ದಶಕದಿಂದಲೇ ಹಸಿರನ್ನು ಮಣ್ಣಿನ ಲೆಕ್ಕದಲ್ಲಿ ಅಳೆಯುತ್ತಿದೆ. ತಳದ ನೆಲದೊಡನೆ ಬೆಸೆದ ಸಸ್ಯಪ್ರದೇಶಕ್ಕೆ ಪೂರ್ಣ 1 ಅಂಕ. ಚಪ್ಪಡಿಯ ಮೇಲೆ 80 ಸೆಂ.ಮೀ.ಗಿಂತ ಕಡಿಮೆ ಮಣ್ಣಿದ್ದರೆ 0.5, ಮುಚ್ಚಿದ ನೆಲಕ್ಕೆ ಸೊನ್ನೆ. ಹೊಸ ವಸತಿ ಕಟ್ಟಡಗಳು ನಿವೇಶನದ ಒಟ್ಟು ಲೆಕ್ಕದಲ್ಲಿ 0.6 ಮುಟ್ಟಬೇಕು. ಬರ್ಲಿನ್ನಿನ ಮಳೆ ಬೇರೆ, ಮಣ್ಣು ಬೇರೆ, ನಿಜ. ಆದರೆ ಕುಂಡದ ಗಿಡಕ್ಕೂ ನೆಲದ ಮರಕ್ಕೂ ಇರುವ ಅಂತರವನ್ನು ಕಾಣಲು ಜರ್ಮನಿಯ ಹವೆಯೇನೂ ಬೇಕಾಗಿಲ್ಲ.

ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರೊಯ್ಯುವ ಪ್ರಸ್ತಾವದ ವಿರುದ್ಧ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಅಂತಹ ಯೋಜನೆ ಇನ್ನೊಮ್ಮೆ ತಲೆಯೆತ್ತಿದರೆ ಹಳ್ಳಿಗಳು ನದಿಯ ಲೆಕ್ಕದೊಡನೆ ನಗರದ ನೆಲಮಾಳಿಗೆಗಳ ಲೆಕ್ಕವನ್ನೂ ಮುಂದಿಡಬೇಕು. ಎಷ್ಟು ಎಕರೆ ನೆಲಕ್ಕೆ ಮಳೆ ಇಳಿಯದಂತೆ ಅನುಮತಿ ನೀಡಲಾಗಿದೆ? ನಗರದ ಕಾಲೇಜುಗಳಲ್ಲಿ ವಾಸ್ತುಶಿಲ್ಪ ಓದುತ್ತಿರುವ ಮಲೆನಾಡಿನ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಇಂದೇ ಎತ್ತಿಕೊಳ್ಳಬಹುದು. ಅನುಮತಿ ಪತ್ರಗಳು ಸಾರ್ವಜನಿಕ ದಾಖಲೆಗಳು, ನಕ್ಷೆ ಓದುವ ವಿದ್ಯೆ ಅವರ ಕೈಯಲ್ಲಿದೆ.